ಕ್ಯೋಟೊದ ರೈಲಿನಲ್ಲಿ ಹಿಡಿದ ಸೀಟು

"ಆಳಂದ ಬಸ್ ಸ್ಟ್ಯಾಂಡಿನಾಗ ದಾರಿ ತಪ್ಪಾಕಿ, ಜಪಾನಕ್ಕ ಹೋಗ್ತಾಳಂತ! ಆಗೋ ಮಾತೇನ್ ಅದು?" ಅಂದವನು ನನ್ನ ಸೋದರಮಾವ, ನಿಂಬರ್ಗಾದ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು, ನನ್ನೆದುರಿಗೇ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲಿಗಳು ನಾನು. ತೊಗರಿ ಕೊಯ್ದು ಬಂದು ಪರೀಕ್ಷೆ ಬರೆದವಳು. ಕ್ಯೋಟೊದಲ್ಲಿ ಎರಡು ವಾರದ ತರಬೇತಿಗೆ ಆಯ್ಕೆಯಾದಾಗ ಮಾವ ಆಡಿದ ಮಾತದು. ನಾನು ಪಾಸ್‌ಪೋರ್ಟ್ ಮಾಡಿಸಿದೆ.

ತರಬೇತಿ ಮುಗಿದು, ಕ್ಯೋಟೊದಿಂದ ಹೊರಡುವ ಹಿಂದಿನ ದಿನ ಊರು ನೋಡಲು ಬಿಟ್ಟರು. ಜೊತೆಗೆ ತರಬೇತಿಗೆ ಬಂದಿದ್ದ ಜೇವರ್ಗಿಯ ಗೆಳತಿ. ಹಳೆಯ ದೇವಾಲಯದ ಮರದ ನೆಲದ ತಂಪು ಕಾಲ್ಚೀಲದೊಳಗೂ ಕೊರೆಯಿತು. ಗುಡ್ಡದ ಮೇಲೆ ಸಾಲುಸಾಲು ಕೆಂಪು ಕಮಾನು. ಒಳಗೆ ನಡೆದಷ್ಟೂ ಬೆಳಕು ಕಡಿಮೆ. ಅಷ್ಟು ಜನರಿದ್ದರೂ ಗದ್ದಲವಿಲ್ಲ. ಅದೇ ನನಗೆ ಅಂಜಿಕೆ.

"ಇಲ್ಲಿ ಬಿದ್ರ ಯಾರನ್ನ ಕೂಗೋದು ಬೇ?"

"ನೀ ಬೀಳಬ್ಯಾಡ, ಸಾಕು," ಅಂದಳು ಗೆಳತಿ.

ವಾಪಸು ಹೋಗಲು ರೈಲು ಬಂತು. ಗೆಳತಿ ಹಿಂದೆ ಉಳಿದಿದ್ದಳು. ನಾನು ಒಳಗೆ ನುಗ್ಗಿ, ಎರಡು ಸೀಟಿಗೆ ಅಡ್ಡಲಾಗಿ ಚೀಲ ಇಟ್ಟು, ಅವಳನ್ನು ಕರೆಯಲು ಕೆಳಗಿಳಿದೆ. ನಮ್ಮ ಕಡೆ ಬಸ್ಸಿನ ಕಿಟಕಿಯೊಳಗೆ ಟವೆಲ್ ಎಸೆದರೆ ಸೀಟು ನಮ್ಮದು. ಕಂಡಕ್ಟರ್ ಸೀಟಿ ಊದಿದ ಮೇಲೂ ಹತ್ತಬಹುದು. ಇಲ್ಲಿ ಬಾಗಿಲು ಮುಚ್ಚಿತು. ಚೀಲ ಹೋಯಿತು. ಅದರೊಳಗೆ ಪಾಸ್‌ಪೋರ್ಟ್. ಮರುದಿನ ಬೆಳಿಗ್ಗೆ ತರಬೇತಿಯ ಪ್ರಮಾಣಪತ್ರ, ಸಂಜೆ ವಿಮಾನ.

ನಾನು ಯಾರೆಂದು ಹೇಳುವ ಒಂದೇ ಕಾಗದ ಅದು. ಪೊಲೀಸರು ಹಿಡಿದರೆ? ಮನೆಗೇ ಹೋಗಲಾಗದಿದ್ದರೆ? ರೈಲು ಸ್ಟೇಷನ್ನಿನವರು ಹಾಳೆ ಕೊಟ್ಟು ಚೀಲದ ಚಿತ್ರ ಬಿಡಿಸು ಎಂದು ಸನ್ನೆ ಮಾಡಿದರು. ಎಳೆದ ಗೆರೆ ವಕ್ರವಾಯಿತು. ಗೆಳತಿ ಪೆನ್ನು ಕಸಿದುಕೊಂಡಳು: "ಇದು ಚೀಲೋ, ಬದನೆಕಾಯೋ?"

ಅಷ್ಟರಲ್ಲಿ ಅವ್ವನ ಫೋನು.

"ಎಲ್ಲಿ ಇದ್ದೀ?"

"ಗುಡಿ ನೋಡಾಕತ್ತೇನಿ ಯವ್ವಾ. ಆರಾಮ ಇದ್ದೇನಿ."

ಎರಡು ತಾಸು ಬೆಂಚಿನ ಮೇಲೆ ಕೂತೆ. ಪ್ರತಿ ರೈಲು ಬಂದಾಗಲೂ ಎದ್ದು ನಿಂತೆ. ಕೊನೆಗೆ ಸ್ಟೇಷನ್ನಿನವರೊಬ್ಬರು ಎರಡೂ ಕೈಯಲ್ಲಿ ನನ್ನ ಚೀಲ ಹಿಡಿದು ತಂದರು. ಜಿಪ್ ತೆಗೆದು ಪಾಸ್‌ಪೋರ್ಟ್ ಮುಟ್ಟಿದ ಮೇಲೂ ಚೀಲ ಕೆಳಗಿಡಲಿಲ್ಲ. ಮರುದಿನ ಪ್ರಮಾಣಪತ್ರ ತೆಗೆದುಕೊಳ್ಳುವಾಗಲೂ ಇನ್ನೊಂದು ಕೈ ಚೀಲದ ಮೇಲೇ ಇತ್ತು.

ಊರಿಗೆ ಬಂದು ಪ್ರಮಾಣಪತ್ರವನ್ನು ಅವ್ವನ ಕೈಗಿಟ್ಟೆ. ನಡೆದದ್ದನ್ನೆಲ್ಲ ಹೇಳಿದೆ. ಅವ್ವ ಹಾಳೆಯನ್ನು ಸೆರಗಿನಿಂದ ಒರೆಸಿದಳು, ನನ್ನ ಮುಖ ನೋಡಿದಳು.

"ಆರಾಮ ಇದ್ದೇನಿ ಅಂತ ಯಾಕ್ ಅಂದಿ? ನಾನೂ ಇಲ್ಲಿ ಹೆದರಕೊಂತನ ಕುಂತಿದ್ದೆ. ಹೇಳಿದ್ರ ಇಬ್ರೂ ಕೂಡಿ ಹೆದರ್ತಿದ್ವಿ."