ಹನ್ನೆರಡನೆಯ ಶಟರು

ಅರ್ಧ ಎತ್ತಿದ ಶಟರಿನ ಕೆಳಗೆ ಕಾಶಪ್ಪ ಬಗ್ಗಿ ಹೋದದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಪೂರ್ತಿ ಮೇಲೇರಿ ನಿಂತ ಮೇಲೂ ಒಂದು ಗಳಿಗೆ ತಲೆಯೆತ್ತಿ ದಿಟ್ಟಿಸಿ, ಆಮೇಲೆ ದಾಟುತ್ತಿದ್ದ. ಬೇರೆಯವರು ನುಸುಳಿದರೂ ಅವನಿಗೆ ಸಹಿಸಲಾಗುತ್ತಿರಲಿಲ್ಲ. ಬೀದರಿನ ಪೇಟೆಯಲ್ಲಿ ಅಂಗಡಿಕಾರರು ಬೆಳಿಗ್ಗೆ ಶಟರನ್ನು ಸೊಂಟದ ಮಟ್ಟಕ್ಕೆ ಎತ್ತಿ, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ತೂರುತ್ತಾರಲ್ಲ, ಅಂಥವರನ್ನು ಕಂಡರೆ ಬೈಕು ನಿಲ್ಲಿಸಿಬಿಡುತ್ತಿದ್ದ. "ಸಾವಕಾರ್ರ, ಕೈ ಮುಗೀರಿ, ನಾ ಬ್ಯಾಡ ಅನ್ನಲ್ಲ. ಮೊದಲ ಪೂರಾ ಎತ್ರಿ, ಆಮ್ಯಾಲ ಮುಗೀರಿ." ಹಿಂದೆ ಕೂತ ನನಗೆ ಮುಖ ಎಲ್ಲಿಡಬೇಕೋ ತಿಳಿಯುತ್ತಿರಲಿಲ್ಲ.

ಜನವಾಡದ ಕುರಿ ಸಾಕುವ ಮನೆತನದವನು. ಐವತ್ತು ದಾಟಿತ್ತು. ಕಡ್ಡಿಯಂಥ ಮೈ, ಜಿಡ್ಡು ಹಿಡಿದ ಅಂಗಿ. ಬೀದರ, ಭಾಲ್ಕಿ, ಔರಾದ, ಈ ಮೂರೂರಿನ ನಡುವೆ ಹಳೆಯ ಬೈಕಿನ ಮೇಲೆ ಸುತ್ತುತ್ತ ಶಟರು ಕೂಡಿಸುವುದು, ರಿಪೇರಿ ಮಾಡುವುದು ಅವನ ಕಸುಬು. ಕುರ್ಚಿ ಕೊಟ್ಟರೆ ಕೂಡುತ್ತಿರಲಿಲ್ಲ. ಚಹಾ ನಿಂತೇ ಕುಡಿಯುತ್ತಿದ್ದ, ಕುಡಿಯುವಾಗಲೂ ಕಣ್ಣು ಎದುರು ಮನೆಯ ಶಟರಿನ ಮೇಲೆ. ನಾನೇನೂ ಸಮಾಧಾನಿಯಲ್ಲ. ಲೆಕ್ಕ ಕಲಿಸುತ್ತ ಕಲಿಸುತ್ತ ಹುಡುಗರಿಗಿಂತ ಹೆಚ್ಚು ಸಲ ಗಡಿಯಾರ ನೋಡುವ ಮಾಸ್ತರ. ಅಂಥ ನನಗೇ ಅವನ ಜೊತೆ ಅರ್ಧ ತಾಸು ಕಳೆದರೆ 'ಜರಾ ಕೂಡಪ್ಪ' ಅನ್ನಬೇಕೆನಿಸುತ್ತಿತ್ತು.

ಪರಿಚಯವಾದದ್ದು ನನ್ನ ಅವಸರದಿಂದಲೇ. ಮೈಲೂರಿನ ನಮ್ಮ ಮನೆಯಲ್ಲಿ ಕಾರು ನಿಲ್ಲಿಸುವ ಜಾಗಕ್ಕೆ ಮೋಟರಿನ ಶಟರಿದೆ. ದಸರೆ ಮುಗಿದ ವಾರ ಅದು ಒಂದು ಕಡೆ ಏರಿ ಇನ್ನೊಂದು ಕಡೆ ಹಿಡಿಯತೊಡಗಿತು. ಹೆಂಡತಿ ಮಿಸ್ತ್ರಿಗೆ ಫೋನು ಹಚ್ಚಿ, ಅವನು ಬರುವತನಕ ಸುಮ್ಮನಿರಿ ಅಂದಳು. ಸುಮ್ಮನಿರುವುದು ನನ್ನಿಂದಾಗದ ಕೆಲಸ. ಸ್ಟೂಲು ಹತ್ತಿ, ಮೇಲಿನ ತಗಡಿನ ಹೊದಿಕೆ ಬಿಚ್ಚಿ, ಸ್ಪ್ರಿಂಗ್ ಕೂತ ಪೈಪಿನ ಬೋಲ್ಟು ಸಡಿಲಿಸಲು ಪಾನಾ ಹಾಕಿದ್ದೆ. ಗೇಟಿನಲ್ಲಿ ಬೈಕು ನಿಂತ ಸದ್ದಾಯಿತು, ಕಾಶಪ್ಪ ಬಂದಿದ್ದ.

"ಸರ, ಪಾನಾ ತಗೀರಿ. ಕೈ ಹಿಂದ ತಗೋರಿ. ಈಗ ಕೆಳಗ ಇಳೀರಿ" ಅಂದ, ತೊಟ್ಟಿಲ ಕೂಸು ಏಳಬಾರದು ಅನ್ನುವಷ್ಟು ಮೆಲ್ಲಗೆ. ನನ್ನ ಮನೆಯಲ್ಲಿ ನನಗೇ ಹುಕುಮ್ ಮಾಡುತ್ತಾನಲ್ಲ ಎಂದು ಸಿಟ್ಟು ಬಂತು. ಆದರೂ ಇಳಿದೆ.

"ಈ ಸ್ಪ್ರಿಂಗ್ ಸುತ್ತಿ ಸುತ್ತಿ ಬಿಗದಿರ್ತೇವ್ರಿ. ಶಟರಿನ ಭಾರ ಎಲ್ಲ ಇದ ಹೊತ್ತದ. ನೀವು ಬೋಲ್ಟ್ ಸಡ್ಲ ಮಾಡಿದ್ರ ಪೈಪ ಗರ್ರಂತ ತಿರಗತದ, ಪಾನಾ ಹಿಡದ ಕೈನೂ ಅದರ ಜೋಡಿ ತಿರಗತದ. ಮುಂದ ಬೋರ್ಡಿನ ಮ್ಯಾಲ ಹ್ಯಾಂಗ ಬರೀತೀರಿ?"

ಮೊದಲು ಮೋಟರಿನ ಕರೆಂಟು ತೆಗೆಸಿದ. ಶಟರು ಓಡುವ ಎರಡು ಬದಿಯ ಕಬ್ಬಿಣದ ಹಳಿಗಳಲ್ಲಿ ಬೆರಳಾಡಿಸಿ ನೋಡಿದ. ಬೆರಳಿಗೆ ಕೆಂಪು ರಾಡಿ ಹತ್ತಿತ್ತು.

"ಎಣ್ಣಿ ಯಾರು ಹಾಕಿದ್ರಿ?"

"ನಾನೇ" ಅಂದಳು ಹೆಂಡತಿ. "ಮಾನಮಿ ಪೂಜಿಗಿ ಕಾರಿಗಿ, ಬೈಕಿಗಿ ಕುಂಕುಮ ಹಚ್ಚಿದೆ. ಇದಕ್ಕ ಎರಡೂ ಕಡಿ ಅಡಿಗಿ ಕುಸುಬಿ ಎಣ್ಣಿ ಬಿಟ್ಟೆ. ನಮ್ಮಪ್ಪ ಬಂಡಿಗಿ ಬಿಡ್ತಿದ್ದ."

"ನಿಮ್ಮ ಪೂಜಿ ಖರೇ ಅದ ಅಕ್ಕಾ. ಆದ್ರ ಇದು ಬಂಡಿ ಅಲ್ರಿ. ನಮ್ಮ ಕೆಂಪು ಮಣ್ಣು ಎಣ್ಣಿಗಿ ಕೂತು ಹಿಟ್ಟಿನಂಗ ಆಗ್ತದ, ಶಟರ್ ಹಿಡೀತದ. ದಸರಾ ಆತಂದ್ರ ಮೂರೂರಾಗೂ ನನಗ ಇದೇ ಕೆಲಸ."

ಒಣ ಬಟ್ಟೆಯಿಂದ ರಾಡಿಯೆಲ್ಲ ತೆಗೆದ. ಕರೆಂಟು ಬಂದ್ ಮಾಡಿ ಕಸ ತೆಗೆಯುವುದು, ಕಲ್ಲು ಸಿಕ್ಕಿದೆಯೇ, ಪಟ್ಟಿ ಬಾಗಿದೆಯೇ ಎಂದು ನೋಡುವುದು, ಇಷ್ಟು ಮನೆಯವರ ಕೆಲಸ; ಸ್ಪ್ರಿಂಗು, ಪೈಪು ಮುಟ್ಟುವುದು ಅಲ್ಲ ಎಂದು ನನಗೆ ಗೆರೆ ಎಳೆದುಕೊಟ್ಟ. ಆಮೇಲೆ ಶಟರಿನಿಂದ ಮೋಟರನ್ನು ಬಿಡಿಸಿ, ನಮ್ಮಿಬ್ಬರನ್ನೂ ಅಂಗಳಕ್ಕೆ ಕಳಿಸಿ, ತಾನು ಪಕ್ಕಕ್ಕೆ ನಿಂತು ಶಟರನ್ನು ಸೊಂಟದ ಮಟ್ಟಕ್ಕೆ ತಂದು ಮೆಲ್ಲಗೆ ಕೈ ಸಡಿಲಿಸಿದ. ಅದು ಅಲ್ಲೇ ನಿಂತಿತು. "ನಿಂತ್ರ ಸ್ಪ್ರಿಂಗ್ ಸಮ ಅದ. ತಾನ ಇಳದ್ರ ಸೋತದ ಅಂತ ತಿಳಕೋರಿ. ಹಂಗಾದ್ರ ಮುಚ್ಚಿ ಬಿಡ್ರಿ, ಎತ್ತಲಕ್ಕ ಹೋಗಬ್ಯಾಡ್ರಿ, ನನಗ ಕರೀರಿ."

ಕೆಲಸ ಮುಗಿದಿತ್ತು. ಆದರೂ ಸ್ಟೂಲು ಹತ್ತಿ, ಬ್ಯಾಟರಿ ಬೆಳಕು ಬಿಟ್ಟು, ಸ್ಪ್ರಿಂಗಿನ ತುದಿಯನ್ನು ಒರೆಸಿ ಒರೆಸಿ ನೋಡಿದ. "ಇದಲ್ಲ" ಎಂದು ತನ್ನಷ್ಟಕ್ಕೆ ಅಂದುಕೊಂಡು ಇಳಿದ.

ಯಾವುದಲ್ಲ ಎಂಬುದು ತಿಂಗಳ ಮೇಲೆ ತಿಳಿಯಿತು. ಹಿಂದೊಮ್ಮೆ ಮುಚ್ಚಿಹೋದ ಗೋದಾಮೊಂದರಿಂದ ಹಳೆಯ ಸ್ಪ್ರಿಂಗು ತಂದು ಹನ್ನೆರಡು ಮನೆಗಳಿಗೆ ಹಾಕಿದ್ದನಂತೆ. ತುದಿಗೆ ನೀಲಿ ಬಣ್ಣ ಬಳಿದಿದ್ದವು. ನೋಡಲು ಗಟ್ಟಿಯಾಗಿದ್ದವು. ಎರಡು ವರ್ಷಕ್ಕೆ ಔರಾದದಲ್ಲಿ ಒಂದು ಮುರಿದು, ಶಟರು ಧಡಕ್ಕನೆ ಬಿದ್ದು, ಒಬ್ಬ ತಾಯಿಯ ಮೂರು ಬೆರಳು ಹೋದವು. ಅಂದಿನಿಂದ ಅವನಿಗೆ ಕೂತಲ್ಲಿ ಕೂಡಲಾಗಲಿಲ್ಲ. ಒಂದೊಂದೇ ಮನೆ ಹುಡುಕಿ, ತಾನಾಗಿ ಹೋಗಿ, ಸ್ಪ್ರಿಂಗು ಬದಲಿ ಮಾಡುತ್ತ ಬಂದ. ಹನ್ನೊಂದಾದವು. ಹನ್ನೆರಡನೆಯದು ಯಾರ ಮನೆಯದೆಂದು ನೆನಪಿಗೆ ಬರಲಿಲ್ಲ. ಭಾಲ್ಕಿಯಲ್ಲಿ, ಮಳೆಯಲ್ಲಿ, ಅವಸರದಲ್ಲಿ ಕೂಡಿಸಿದ್ದು, ಇಷ್ಟೇ.

"ನಮ್ಮಪ್ಪ ಸಂಜೀಕ ಕುರಿ ಎಣಸ್ತಿದ್ದ ಸರ. ಒಂದು ಕಡಿಮಿ ಬಿದ್ರ ಅವಗ ಊಟ ಸೇರ್ತಿರಲಿಲ್ಲ. ನಂದೂ ಹಂಗ ಆಗ್ಯಾದ. ಅದರ ಕೆಳಗ ಇವತ್ತ ಯಾರು ನಿಂತಾರೋ ಏನೋ."

ಒಂದು ಭಾನುವಾರ ನಾನೂ ಭಾಲ್ಕಿಗೆ ಹೋದೆ. ಕನಿಕರದಿಂದ ಅಂದರೆ ಸುಳ್ಳಾದೀತು, ಮನೆಯಲ್ಲಿ ಬೇಸರವಾಗಿತ್ತು. ಅವನು ಬಾಗಿಲು ಬಡಿಯುವುದು, ಜನ ಅನುಮಾನದಿಂದ ನೋಡುವುದು, ನಾನು ಮಾಸ್ತರ ಅಂತ ಹೇಳಿ ಒಳಗೆ ಬಿಡಿಸಿಕೊಳ್ಳುವುದು. ಆರನೆಯ ಮನೆಯ ಯಜಮಾನ ಅವನ ಮುಖ ನೋಡಿದವನೇ, "ಮಳ್ಯಾಗ ಶಟರ್ ಕೂಡಿಸಿದಂವ ನೀನೇ ಅಲ್ಲೇನು?" ಅಂದ. ಕಾಶಪ್ಪನ ಕಣ್ಣಲ್ಲಿ ನೀರು ಬಂತು. ಆದರೆ ಅಲ್ಲೀಗ ಕಬ್ಬಿಣದ ಗೇಟಿತ್ತು. ಶಟರನ್ನು ಗುಜರಿಗೆ ಹಾಕಿದ್ದರು. ಗುಜರಿಯವನನ್ನು ಹುಡುಕಿ ಕೇಳಿದರೆ, "ಅದು ಚಲೋ ಇತ್ತಲ್ರಿ, ಔರಾದ ಕಡಿಯವರು ಟ್ರ್ಯಾಕ್ಟರ್ ಶೆಡ್ಡಿಗಂತ ಒಯ್ದ್ರು" ಅಂದ. ಯಾರು, ಯಾವ ಹಳ್ಳಿ, ಅವನಿಗೆ ಗೊತ್ತಿರಲಿಲ್ಲ. ಸಿಕ್ಕೇಬಿಟ್ಟಿತೆಂದುಕೊಂಡದ್ದು ಒಂದು ತಾಲೂಕಿನಷ್ಟು ಅಗಲವಾಗಿಹೋಯಿತು.

ಆಮೇಲೆ ಅವನು ಔರಾದದ ಹಳ್ಳಿಗಳನ್ನು ಹಿಡಿದ. ಅಲ್ಲಿನ ನಾಲ್ಕು ಮಿಸ್ತ್ರಿಗಳಿಗೂ ನೀಲಿ ತುದಿಯ ಸ್ಪ್ರಿಂಗು ಕಂಡರೆ ಫೋನು ಹಚ್ಚಿರೆಂದು ಹೇಳಿಟ್ಟ. ಈ ಚಳಿಗಾಲಕ್ಕೆ ಅವನಿಗೆ ಲಕ್ವಾ ಹೊಡೆಯಿತು.

ಜನವಾಡಕ್ಕೆ ಹೋದಾಗ ಮಂಚದ ಮೇಲಿದ್ದ. ಬಲಗೈ ಬಿದ್ದಿತ್ತು, ಮಾತು ಎಳೆಯುತ್ತಿತ್ತು. "ಬಂದವರಿಗೆಲ್ಲ ಅದೊಂದೇ ಕೇಳ್ತಾರ್ರಿ, ನಿದ್ದಿ ಇಲ್ಲ, ನೀರಿಲ್ಲ" ಅಂದಳು ಅವನ ಹೆಂಡತಿ. ನನ್ನನ್ನೂ ಕೇಳಿದ.

"ಸಿಕ್ತೇನ್ರಿ ಸರ?"

ನಾನು ಹುಡುಕಲು ಹೋಗಿಯೇ ಇರಲಿಲ್ಲ. "ಸಿಕ್ತು ಕಾಶಪ್ಪ" ಅಂದೆ.

"ನೀಲಿ ಬಣ್ಣ?"

"ಇತ್ತು."

"ನೀವ ಬಿಚ್ಚಲಿಲ್ಲಲ?"

"ಇಲ್ಲಪ್ಪ, ಮಿಸ್ತ್ರಿಗಿ ಕರದೆ."

"ಮಂದಿಗಿ ದೂರ ನಿಂದ್ರಿಸಿದ್ರಿ?"

"ನಿಂದ್ರಿಸಿದೆ."

ಸ್ವಲ್ಪ ಹೊತ್ತು ನನ್ನನ್ನೇ ನೋಡಿ ಕಣ್ಣು ಮುಚ್ಚಿದ. ನಾನು ಏಳುವಷ್ಟರಲ್ಲಿ ನಿದ್ದೆ ಹತ್ತಿತ್ತು. ಅವನ ಹೆಂಡತಿ ಅಂಗಳದತನಕ ಬಂದು ಕಣ್ಣೊರೆಸಿಕೊಂಡಳು. "ಔರಾದದ ಮಿಸ್ತ್ರಿಗಳಿಗಿ ಫೋನ್ ಹಚ್ಚಿ ಹೇಳ್ತೇನ್ರಿ, ಇನ್ನ ಹುಡುಕಬ್ಯಾಡ್ರಿ ಅಂತ. ಪಾಪ, ಅವರೂ ಭಾಳ ತಿರಗ್ಯಾರ."

ಬೇಡ ಅನ್ನುವ ಹಾಗಿರಲಿಲ್ಲ. ಮಿಸ್ತ್ರಿಗಳಿಗೆ ನಿಜ ಹೇಳಿದರೆ ಅದು ಅವನ ಕಿವಿಗೆ ಬೀಳದೆ ಇರುತ್ತದೆಯೇ? ಐದು ಜನ ಹುಡುಕುತ್ತಿದ್ದ ಶಟರು ಒಂದೇ ಮಾತಿನಲ್ಲಿ ನನ್ನೊಬ್ಬನ ತಲೆಗೆ ಬಂತು. ಮಾರನೆಯ ದಿನವೇ ಸಾಲೆಗೆ ರಜೆ ಬರೆದು ಔರಾದಕ್ಕೆ ಹೋದೆ. ಆಮೇಲಿನ ದಿನವೂ ಹೋದೆ.

ನಾಲ್ಕನೆಯ ದಿನ ಮಧ್ಯಾಹ್ನ, ಒಂದು ಹಳ್ಳಿಯ ಟ್ರ್ಯಾಕ್ಟರ್ ಶೆಡ್ಡಿನ ಮುಂದೆ ನಿಂತಿದ್ದಾಗ ಹೆಂಡತಿಯ ಫೋನು ಬಂತು. ಕಾಶಪ್ಪ ಹೋದನಂತೆ. ನಿದ್ದೆಯಲ್ಲೇ. ಸಂಜೆ ಐದಕ್ಕೆ ಮಣ್ಣು. ತಕ್ಷಣ ಹೊರಟರೆ ಮುಟ್ಟಬಹುದಿತ್ತು. ಶೆಡ್ಡಿಗೆ ಬೀಗವಿತ್ತು, ಶಟರು ಹಳೆಯದು, ಭಾಲ್ಕಿಯಿಂದ ತಂದದ್ದೆಂದು ಪಕ್ಕದ ಮನೆಯವರು ಹೇಳಿದ್ದರು. ಮಾಲೀಕ ಹೊಲಕ್ಕೆ ಹೋಗಿದ್ದ, ಬಂದವನೇ ಟ್ರ್ಯಾಕ್ಟರ್ ನಿಲ್ಲಿಸಲು ಅದನ್ನೇ ಎತ್ತುವವನು.

ನಾನು ಕಟ್ಟೆಯ ಮೇಲೆ ಕೂತೆ. ದೀಪ ಹಚ್ಚುವ ಹೊತ್ತಿಗೆ ಅವನು ಬಂದ, ಬ್ಯಾಟರಿ ಬೆಳಕು ಬಿಟ್ಟು ಸ್ಪ್ರಿಂಗಿನ ತುದಿ ತೋರಿಸಿದ. ಅದಲ್ಲ. ಅಷ್ಟು ಹೊತ್ತಿಗೆ ಜನವಾಡದಲ್ಲಿ ಎಲ್ಲ ಮುಗಿದಿತ್ತು.