ಉಯ್ಯಾಲೆ ಏರಿದ ಪೆಟ್ರೋಲ್ ಟ್ಯಾಂಕು

ಕಳೆದ ವಾರ ನಮ್ಮ ಮನೆಗೆ ಬಂದವರಿಗೆ ಉಯ್ಯಾಲೆಯ ಮೇಲೆ ಕೂರಲು ಜಾಗ ಸಿಗಲಿಲ್ಲ. ಅಲ್ಲಿ ಒಂದು ಪೆಟ್ರೋಲ್ ಟ್ಯಾಂಕು ಕೂತಿತ್ತು.

ತಮಾಷೆಯಲ್ಲ. ಅಂಬಾಸಿಡರ್ ಕಾರಿನ ಟ್ಯಾಂಕು. ಜಗುಲಿಯ ಉಯ್ಯಾಲೆಗೆ ಅದನ್ನು ಹಗ್ಗದಲ್ಲಿ ಬಿಗಿದು ಕಟ್ಟಿದ್ದೆ. ಮಡಿಲಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಾ, ಕಾಲಿನಿಂದ ಅದನ್ನು ತೂಗುತ್ತಾ ಕೂತಿದ್ದೆ. ಒಳಗಿನಿಂದ ಗಡಗಡ, ಗುಳುಗುಳು. ಕಾಫಿ ಕುಯ್ಯಲು ಹೊರಟ ಹೆಂಗಸರು ಅಂಗಳದಲ್ಲೇ ನಿಂತುಬಿಟ್ಟರು.

"ಅಮ್ಮಾ, ಮಗೀಗೆ ನಿದ್ದೆ ಬಂತಾ?" ಎಂದಳು ಗಿರಿಜಾ.

"ಎಲ್ಲಿ ಬರ್ತದೆ, ಹೊಟ್ಟೆ ನೋವು ಅದಕ್ಕೆ" ಎಂದೆ.

ಅವರೆಲ್ಲ ನಗುತ್ತಾ ತೋಟಕ್ಕೆ ಹೋದರು. ನಾನು ತೂಗುತ್ತಲೇ ಇದ್ದೆ. ನಗುವವರು ನಗಲಿ. ನನಗೆ ಶುಕ್ರವಾರದೊಳಗೆ ಅದರ ಹೊಟ್ಟೆ ತೊಳೆಯಬೇಕಿತ್ತು.

ವಿಷಯ ಏನೆಂದರೆ, ನನ್ನ ಕಾರನ್ನು ಗುಜರಿಗೆ ಹಾಕುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ತೀರ್ಮಾನ ಮಾಡಿದವರು ಇಬ್ಬರು. ಒಬ್ಬರು ನಮ್ಮ ಮನೆಯವರು. ಇನ್ನೊಬ್ಬ ನನ್ನ ಮೈದುನ ಸುರೇಶ, ಚಿಕ್ಕಮಗಳೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವವನು. ಕಾರು ಓಡಿಸುವವಳು ನಾನು. (ನನ್ನನ್ನು ಕೇಳಲಿಲ್ಲವಾ? ಕೇಳಿದರು. ತೀರ್ಮಾನ ಆದ ಮೇಲೆ.)

ಆ ಬೂದು ಬಣ್ಣದ ಅಂಬಾಸಿಡರ್ ಈ ಅಂಕಣ ಓದುವವರಿಗೆ ಹೊಸದಲ್ಲ. ಡಿಕ್ಕಿಯಲ್ಲಿ ಹಲಸಿನ ಹಣ್ಣು ಮರೆತು, ಊರಿಡೀ ಘಮಘಮ ಎಂದು ತಿರುಗಿದ ಕಥೆ ಬರೆದಿದ್ದೆನಲ್ಲ, ಅದೇ ಕಾರು. ನಾನು ಡ್ರೈವಿಂಗ್ ಕಲಿತದ್ದು ಅದರಲ್ಲಿ, ನಮ್ಮ ಕಾಫಿ ಒಣಗಿಸುವ ಕಣದಲ್ಲೇ ಸುತ್ತು ಹೊಡೆದು. ಆಲ್ದೂರಿಗೆ ಸಾಮಾನು ತರಲು, ಜಾವಳಿಯ ಅಕ್ಕನ ಮನೆಗೆ, ಆಳುಗಳ ಲೈನ್ ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದಿದ್ದರೆ ಆಸ್ಪತ್ರೆಗೆ, ಎಲ್ಲದಕ್ಕೂ ಅದೇ. ಕೆಲವು ಸಲ ಯಾವ ಕೆಲಸವೂ ಇಲ್ಲದೆ, ಸುಮ್ಮನೆ. ಅದಕ್ಕೂ ಅದೇ.

ಇತ್ತೀಚೆಗೆ ಅದು ಏರಿನಲ್ಲಿ ನಿಲ್ಲತೊಡಗಿತು. ನಮ್ಮ ಮನೆಯಿಂದ ಮೇಲಿನ ಟಾರು ರಸ್ತೆಗೆ ಹೋಗುವ ದಾರಿಯಲ್ಲಿ ಒಂದು ಹಲಸಿನ ಮರದ ತಿರುವು ಇದೆ. ಸರಿಯಾಗಿ ಅಲ್ಲಿಗೆ ಬಂದು ಕೆಮ್ಮಿ ನಿಂತುಬಿಡುವುದು. ಆಲ್ದೂರಿನ ಮೆಕ್ಯಾನಿಕ್ ಲಾರೆನ್ಸ್ ಬಂದು, ಕಾರಿನ ಕೆಳಗೆ ಮಲಗಿ, ಎದ್ದು ಕೈ ಒರೆಸಿಕೊಂಡ.

"ಅಕ್ಕಾ, ಎಂಜಿನ್ ಕಲ್ಲಿದ್ದಂಗಿದೆ. ಟ್ಯಾಂಕ್ ಹೋಗಿದೆ. ತುಕ್ಕು ಹಿಡಿದು ತಳ ಜರಡಿ ಆಗಿದೆ. ಆ ತುಕ್ಕೆಲ್ಲ ಹೋಗಿ ಕಾರ್ಬೊರೇಟರಲ್ಲಿ ಕೂರ್ತದೆ."

"ವೆಲ್ಡಿಂಗ್ ಮಾಡು."

"ಮಾಡಬಹುದು. ವೆಲ್ಡಿಂಗ್ ಉಳೀತದೆ, ಟ್ಯಾಂಕ್ ಉಳಿಯಲ್ಲ."

ಅಷ್ಟು ಸಾಕಾಯಿತು. ಮರುದಿನವೇ ಸುರೇಶ ಹಾಜರ್. ಕೈಯಲ್ಲಿ ಹೊಸ ಕಾರಿನ ಬಣ್ಣದ ಬ್ರೋಷರ್. "ಸಾಕು ಬಿಡಿ ಅತ್ತಿಗೆ. ಹೊಸ ಕಾರು ತರೋಣ, ಒಬ್ಬ ಡ್ರೈವರ್ ಇಡೋಣ. ಈ ವಯಸ್ಸಲ್ಲಿ ನಿಮಗ್ಯಾಕೆ ಈ ಒದ್ದಾಟ? ಹಿಂದೆ ಆರಾಮಾಗಿ ಕೂತ್ಕೊಳ್ಳಿ."

ಆರಾಮಾಗಿ!

ಓದುಗರೇ, ನೀವೂ ಗಮನಿಸಿರಬೇಕು. ಹೆಂಗಸರಿಗೆ ಆರಾಮ ಕೊಡಬೇಕೆಂಬ ಉತ್ಸಾಹ ನಮ್ಮ ಗಂಡಸರಿಗೆ ಯಾವಾಗ ಉಕ್ಕುತ್ತದೆ? ಕುಯ್ಲಿನ ಕಾಲದಲ್ಲಿ ಮನೆ ತುಂಬ ಜನಕ್ಕೆ ಅಕ್ಕಿರೊಟ್ಟಿ ತಟ್ಟುವಾಗ ಯಾರಾದರೂ ಬಂದು, "ಏಳಿ ಅತ್ತಿಗೆ, ಅಡುಗೆಗೆ ಜನ ಇಡೋಣ" ಎಂದಿದ್ದಾರಾ? ಬಾವಿಯ ಪಂಪು ಕೆಟ್ಟು ನೀರು ಹೊತ್ತಾಗ? ಇಲ್ಲ. ಅಲ್ಲೆಲ್ಲ ನಮಗೆ ವಯಸ್ಸೇ ಆಗುವುದಿಲ್ಲ. ಸ್ಟೇರಿಂಗ್ ಹಿಡಿದರೆ ಮಾತ್ರ ಇದ್ದಕ್ಕಿದ್ದಂತೆ ವಯಸ್ಸಾಗಿಬಿಡುತ್ತದೆ.

ಹಿಂದಿನ ಸೀಟು ಎಂದರೆ ಏನೆಂದು ನನಗೆ ಗೊತ್ತು. ಡ್ರೈವರಿಗೆ ಊಟ ಆಗಿದೆಯಾ, ರಜಾ ಬೇಕಾ, ಸುರೇಶ ಎಲ್ಲಿಗಾದರೂ ಕರೆದೊಯ್ದಿದ್ದಾನಾ, ಇದೆಲ್ಲ ಕೇಳಿಕೊಂಡು ಅಕ್ಕನ ಮನೆಗೆ ಹೋಗುವುದು. "ಸುಮ್ಮನೆ ಒಂದು ಸುತ್ತು" ಎಂಬುದು ಇನ್ನು ಇಲ್ಲ. ಸುಮ್ಮನೆ ಹೋಗುವುದಕ್ಕೆ ಡ್ರೈವರಿಗೆ ಏನು ಕಾರಣ ಹೇಳುವುದು?

"ಬೇರೆ ಟ್ಯಾಂಕ್ ಹಾಕಿಸ್ತೀನಿ" ಎಂದೆ.

ನಮ್ಮ ಮನೆಯವರು ನ್ಯಾಯವಂತರು. ಸ್ವಲ್ಪ ಯೋಚಿಸಿ, "ಶುಕ್ರವಾರ ಗುಜರಿಯವನು ಟೆಂಪೋ ತರ್ತಾನೆ. ಅಷ್ಟರೊಳಗೆ ಇದು ತಾನಾಗಿ ಮೇಲಿನ ರಸ್ತೆ ಹತ್ತಿದ್ರೆ ಇಟ್ಕೋ ಮಾರಾಯ್ತಿ. ಇಲ್ಲಾಂದ್ರೆ ಸುಮ್ನಾಗ್ಬೇಕು" ಎಂದರು.

ಆಯ್ತು ಎಂದೆ. ಯಾಕೆಂದರೆ ಇನ್ನೊಂದು ಟ್ಯಾಂಕು ಎಲ್ಲಿದೆ ಎಂಬುದು ನನಗೆ ಗೊತ್ತಿತ್ತು. ವಸ್ತಾರೆಯಲ್ಲಿ ಹಳೇ ಅಕ್ಕಿ ಗಿರಣಿಯ ಹಿಂದೆ ಒಂದು ಅಂಬಾಸಿಡರ್ ವರ್ಷಗಳಿಂದ ನಿಂತಿದೆ. ಚಕ್ರವಿಲ್ಲ, ಗಾಜಿಲ್ಲ. ಪ್ರತಿ ಸಲ ಹೋಗುವಾಗಲೂ ನೋಡುತ್ತಿದ್ದೆ. ಮನೆಯವರ ಜೀಪು ಕೇಳಿ ತೆಗೆದುಕೊಂಡು, ಲಾರೆನ್ಸನನ್ನು ಎಬ್ಬಿಸಿಕೊಂಡು ಹೋದೆ. ಗಿರಣಿಯ ಅಜ್ಜಿ ಪುಟ್ಟಮ್ಮ ಕೋಳಿಗಳಿಗೆ ನುಚ್ಚು ಹಾಕುತ್ತಿದ್ದರು.

"ಟ್ಯಾಂಕಾ? ತಗೊಂಡೋಗು ಮಗಾ. ಸೀಟು ಮಾತ್ರ ಮುಟ್ಬೇಡ, ಕೋಳಿ ಕಾವಿಗೆ ಕೂತದೆ."

ಕಾವಿಗೆ ಕೂತ ಹೇಂಟೆ ನಮ್ಮನ್ನು ದುರುಗುಟ್ಟಿಕೊಂಡು ನೋಡುತ್ತಿರುವಾಗಲೇ ಲಾರೆನ್ಸ್ ಟ್ಯಾಂಕು ಬಿಚ್ಚಿದ. ತಟ್ಟಿ ನೋಡಿದ; ಗಟ್ಟಿ ಸದ್ದು. ಓರೆ ಮಾಡಿದ, ಬಾಯಿಯಿಂದ ಖಾರದ ಪುಡಿಯ ಹಾಗೆ ಕೆಂಪು ತುಕ್ಕು ಸುರಿಯಿತು.

"ತಗಡು ಚೆನ್ನಾಗಿದೆ. ಆದ್ರೆ ಈ ತುಕ್ಕು ಹೋಗಲ್ಲ ಅಕ್ಕಾ. ಆ್ಯಸಿಡ್ ಹಾಕಿದ್ರೆ ತಗಡನ್ನೂ ತಿಂದುಬಿಡ್ತದೆ. ಸುಮ್ನೆ ಕೈ ಕೊಳೆ ಮಾಡ್ಕೋಬೇಡಿ."

ಕೈ ಕೊಳೆ ಮಾಡಿಕೊಳ್ಳುವುದು ನನಗೇನು ಹೊಸತಾ? ನಮ್ಮ ಮನೆಯ ಹಿತ್ತಾಳೆ ಹಂಡೆ ವರ್ಷಕ್ಕೊಂದು ಸಲ ಯಾವ ಬಣ್ಣದಿಂದ ಯಾವ ಬಣ್ಣಕ್ಕೆ ಬರುತ್ತದೆ, ಯಾರ ಕೈಯಿಂದ ಬರುತ್ತದೆ? ಅಟ್ಟದಲ್ಲಿ ಭರಣಿ ತುಂಬ ಒಣಗಿದ ವಾಟೆಹುಳಿ ಇತ್ತು. ಮೀನು ಸಾರಿಗೂ ಅದೇ, ಹಿತ್ತಾಳೆ ತಿಕ್ಕಲೂ ಅದೇ. ಹಂಡೆಯ ಕಿಲುಬು ಬಿಡಿಸುವ ಹುಳಿ ಟ್ಯಾಂಕಿನ ತುಕ್ಕನ್ನು ಬಿಡಿಸಬಾರದು ಎಂದು ಯಾರು ಹೇಳಿದರು?

ಮೊದಲು ಸೋಪಿನ ನೀರಲ್ಲಿ ಮತ್ತೆ ಮತ್ತೆ ತೊಳೆದು ಪೆಟ್ರೋಲ್ ವಾಸನೆ ಹೋಗುವವರೆಗೆ ಬಿಸಿಲಿಗಿಟ್ಟೆ. ಆಮೇಲೆ ವಾಟೆಹುಳಿ ಕುದಿಸಿ, ಸೋಸಿ, ಬಿಸಿಬಿಸಿ ರಸವನ್ನೇ ಹೊಯ್ದೆ. ಒಳಗೆ ಉಜ್ಜಲು ಕೈ ಹೋಗುವುದಿಲ್ಲವಲ್ಲ, ಅದಕ್ಕೆ ದನ ಕಟ್ಟುವ ಸರಪಳಿ ಇಳಿಬಿಟ್ಟು, ಅದರ ತುದಿಗೆ ದಾರ ಕಟ್ಟಿ ಹೊರಗಿಟ್ಟೆ. ಪೈಪು, ಮೀಟರು ಕೂರುವ ತೂತುಗಳಿಗೆಲ್ಲ ಸೈಕಲ್ ಟ್ಯೂಬಿನ ತುಂಡು. ಬಾಯಿಗೆ ಮರದ ಬಿರಡೆ, ಮೇಲೆ ಬಟ್ಟೆ ಸುತ್ತಿ ಗುದ್ದಿ ಗುದ್ದಿ ಬಿಗಿ ಮಾಡಿದೆ. ಇನ್ನು ಅಲ್ಲಾಡಿಸಬೇಕು. ಅಷ್ಟು ಭಾರ ಎತ್ತಿ ಅಲ್ಲಾಡಿಸುವವರು ಯಾರು? ಉಯ್ಯಾಲೆ ಯಾಕಿದೆ?

ಅವರೆಕಾಯಿ ಅರ್ಧ ಸುಲಿದಿರಬೇಕು, ಸುರೇಶ ಬಂದ. ಟ್ಯಾಂಕನ್ನು ನೋಡಿದ, ನನ್ನನ್ನು ನೋಡಿದ. ಕುರ್ಚಿ ಎಳೆದುಕೊಂಡು ಕೂತು ಜೇಬಿನಿಂದ ಸಿಗರೇಟು ತೆಗೆದ.

"ಅದು ಗೇಟಿನ ಆಚೆ" ಎಂದೆ.

ಒಳಗಿಟ್ಟುಕೊಂಡ. ಬ್ರೋಷರ್ ಬಿಚ್ಚಿದ. "ಬಿಳಿ ತಗೊಳ್ಳೋಣ ಅಂತ ಅತ್ತಿಗೆ. ನಾನು ಯಾವಾಗಲೂ ಬಿಳೀನೇ. ನೋಡಿ, ಬಿಳಿಯಲ್ಲಿ ಒಂದು ನೀಟು..."

ಢಬ್!

ಬಿರಡೆ ಎಲ್ಲಿಗೆ ಹಾರಿತೋ ಇವತ್ತಿನವರೆಗೆ ಸಿಕ್ಕಿಲ್ಲ. ತುಕ್ಕು ಬೆರೆತ ಹುಳಿ ರಸ ಕಾರಂಜಿಯಂತೆ ಚಿಮ್ಮಿ, ಗೋಡೆಗೆ ಸ್ವಲ್ಪ, ಬ್ರೋಷರಿಗೆ ಸ್ವಲ್ಪ, ಉಳಿದದ್ದೆಲ್ಲ ಸುರೇಶನ ಬಿಳಿ ಅಂಗಿಗೆ. ಅಷ್ಟು ಹೊತ್ತಿಗೆ ರಸ ಉಗುರು ಬೆಚ್ಚಗಾಗಿತ್ತು, ಪುಣ್ಯ. ಬಿಸಿ ಹುಳಿ ತುಂಬಿ, ಬಾಯಿ ಬಿಗಿದು, ಕುಲುಕಿದರೆ ಒಳಗೆ ಗ್ಯಾಸು ಕಟ್ಟಿ ಏನಾಗುತ್ತದೆ ಎಂಬುದು ದಿನಾ ಕುಕ್ಕರ್ ಇಡುವವಳಿಗೆ ಗೊತ್ತಾಗಬೇಡವಾ? ಗೊತ್ತಾಗಲಿಲ್ಲ.

ನಮ್ಮ ಮನೆಯವರು ಒಳಗಿನಿಂದ ಓಡಿ ಬಂದರು. ಮೊದಲು ನಕ್ಕರು. ಆಮೇಲೆ ಗೋಡೆ ನೋಡಿ ಬೈದರು. ಉಯ್ಯಾಲೆ ಬಂದ್.

ಸರಿ. ಉಯ್ಯಾಲೆ ಇಲ್ಲದಿದ್ದರೆ ಜೀಪು. ನಮ್ಮ ಮನೆಯವರು ದಿನಾ ಆಳುಗಳನ್ನು ಕೂರಿಸಿಕೊಂಡು ಆಚೆ ಗುಡ್ಡದ ತೋಟಕ್ಕೆ ಹೋಗುತ್ತಾರೆ. ಆ ರಸ್ತೆಯ ಬಗ್ಗೆ ನಾವು ಕೊಡದ ಅರ್ಜಿಯಿಲ್ಲ. ಹೊಂಡದಿಂದ ಎದ್ದು ಹೊಂಡಕ್ಕೆ ಬೀಳುವ ರಸ್ತೆ. ಈ ಸಲ ರಸ ತಣ್ಣಗೆ ಮಾಡಿ, ಹೊಸ ಬಿರಡೆಗೆ ಉಸಿರಾಡಲು ಸಣ್ಣ ತೂತು ಕೊರೆದು, ಟ್ಯಾಂಕನ್ನು ಜೀಪಿನ ಹಿಂದೆ ಗೋಣಿಚೀಲ ಸುತ್ತಿ ಇಟ್ಟೆ. ಗಿರಿಜಾ ಅದರ ಪಕ್ಕ ಕೂತಳು. ಆ ವಾರ ಮಾತ್ರ ರಸ್ತೆ ರಿಪೇರಿ ಆಗದಿರಲಿ ಎಂದು ಬೇಡಿಕೊಂಡೆ. (ಆ ಭಯಕ್ಕೆ ಕಾರಣವೇ ಇರಲಿಲ್ಲ ಬಿಡಿ.)

"ಹಿಂದೆ ಎಂಥದು ಗಡಗಡ ಅಂತಿತ್ತಲ್ಲ?" ಸಂಜೆ ಮನೆಯವರು ಕೇಳಿದರು.

"ನಿಮ್ಮ ಜೀಪೇ ಇರಬೇಕು" ಎಂದೆ.

ಅವರಿಗೆ ಗೊತ್ತಿತ್ತು. ಅವರಿಗೆ ಗೊತ್ತಿದೆ ಎಂಬುದು ನನಗೂ ಗೊತ್ತಿತ್ತು. ಮರುದಿನ ಹೊಂಡ ತಪ್ಪಿಸದೆ ಓಡಿಸಿದರಂತೆ. ಗಿರಿಜಾ ಸೊಂಟ ಹಿಡಿದುಕೊಂಡು ವರದಿ ಒಪ್ಪಿಸಿದಳು.

ಬುಧವಾರ ಸಂಜೆ ರಸ ಬಗ್ಗಿಸಿದರೆ ಇಂಕಿನಂತೆ ಕಪ್ಪಗೆ. ಅಡುಗೆ ಸೋಡಾ ಕಲಸಿದ ನೀರಲ್ಲಿ ತೊಳೆದು ಟಾರ್ಚ್ ಬಿಟ್ಟು ನೋಡಿದೆ. ಒಳಗೆಲ್ಲ ಬೆಳ್ಳಗೆ, ಹೊಸ ಪಾತ್ರೆ! ಒಣಗಲಿ ಎಂದು ಕಣದಲ್ಲಿಟ್ಟು, ಕಾಫಿಯ ಕಡೆ ಹೋದೆ. ಸಂಜೆಯಾದರೆ ಕಣದ ಕಾಫಿಯನ್ನು ರಾಶಿ ಎಳೆದು ಟಾರ್ಪಾಲು ಹೊದಿಸಬೇಕು. ಇಬ್ಬನಿ ಬಿದ್ದರೆ ಒಣಗಿದ್ದೂ ಕೆಟ್ಟಂತೆ. ಹೊದಿಸಿ, ಅಂಚಿಗೆ ಕಲ್ಲು ಹೇರಿ, ಮನೆಗೆ ಬಂದು ಮಲಗಿದೆ.

ಬೆಳಿಗ್ಗೆ ಟ್ಯಾಂಕಿನೊಳಗೆ ಮತ್ತೆ ಕೇಸರಿ ಬಣ್ಣ.

ಕಾಫಿಗೆ ಟಾರ್ಪಾಲು ಹೊದಿಸಿದ ಅದೇ ಕೈ, ಪಕ್ಕದಲ್ಲೇ ಬಾಯಿ ತೆರೆದು ಕೂತಿದ್ದ ಟ್ಯಾಂಕನ್ನು ಇಬ್ಬನಿಗೆ ಬಿಟ್ಟಿತ್ತು. ಇಷ್ಟು ವರ್ಷದಿಂದ ಇಬ್ಬನಿಗೆ ಹೆದರಿಕೊಂಡೇ ಬದುಕುತ್ತಿರುವವಳು ನಾನು! ಕಣದ ಕಟ್ಟೆಯ ಮೇಲೆ ಕೂತುಬಿಟ್ಟೆ. ಮನೆಯವರು ಬಂದು ಇಣುಕಿದರು.

"ಬಿಡು ಮಾರಾಯ್ತಿ" ಎಂದರು ಮೆತ್ತಗೆ. "ನೀನು ಮಾಡೋದೆಲ್ಲ ಮಾಡಿದೆ. ಯಾರೂ ಏನೂ ಅನ್ನಲ್ಲ."

ಸುರೇಶನ ಮಾತಿಗಿಂತ ಈ ಮಾತೇ ನನ್ನನ್ನು ಹೆಚ್ಚು ಚುಚ್ಚಿತು. ಯಾರಾದರೂ ಏನಾದರೂ ಅನ್ನುತ್ತಾರೆಂದು ನಾನು ಮಾಡುತ್ತಿದ್ದೆನಾ?

ಎದ್ದು ಭರಣಿ ಬೋರಲು ಹಾಕಿದೆ. ಉಳಿದಿದ್ದ ವಾಟೆಹುಳಿಯೆಲ್ಲ ಒಲೆಗೆ ಹೋಯಿತು. "ಇನ್ನು ಮೀನು ಸಾರಿಗೆ?" ಎಂದರು ಮನೆಯವರು. "ನಿಂಬೆಹಣ್ಣು" ಎಂದೆ. ರಸ ಆರಿದ ಮೇಲೆ ಟ್ಯಾಂಕಿಗೆ ತುಂಬಿ, ಜೀಪಿನ ಕೀ ನಾನೇ ತೆಗೆದುಕೊಂಡೆ. ಆಚೆ ಗುಡ್ಡಕ್ಕೆ ಹೋದೆ, ಬಂದೆ, ಮತ್ತೆ ಹೋದೆ. ಒಂದು ಹೊಂಡವನ್ನೂ ಬಿಡಲಿಲ್ಲ. ಇಬ್ಬನಿಯ ತುಕ್ಕು ಇನ್ನೂ ಎಳೆಯದು, ಬೇಗ ಬಿಟ್ಟಿತು. ನಡು ಮಧ್ಯಾಹ್ನ ತೊಳೆದು, ಕಾದ ಕಣದ ಮೇಲೆ ಮಗುಚಿ ಮಗುಚಿ ಒಣಗಿಸಿದೆ. ಒಂದು ಹನಿ ನೀರಿಲ್ಲ ಎಂದಾದ ಮೇಲೆ ಎಂಜಿನ್ ಆಯಿಲ್ ಹೊಯ್ದು ಒಳಗೆಲ್ಲ ಸವರಿಕೊಳ್ಳುವಂತೆ ತಿರುಗಿಸಿದೆ. ಸಂಜೆ ಕಾಫಿಯ ರಾಶಿಯ ಜೊತೆಗೇ ಟಾರ್ಪಾಲಿನ ಕೆಳಗೆ ಮಲಗಿಸಿದೆ. ಅಂಚಿಗೆ ಕಲ್ಲನ್ನೂ ಹೇರಿದೆ.

ಶುಕ್ರವಾರ ಬೆಳಿಗ್ಗೆ ಲಾರೆನ್ಸ್ ಬಂದು ಟಾರ್ಚ್ ಬಿಟ್ಟು ನೋಡಿದ. ಆಯಿಲ್ ಬಗ್ಗಿಸಿ, ಟ್ಯಾಂಕು ಕೂರಿಸತೊಡಗಿದ. ಅವನಿನ್ನೂ ಕಾರಿನ ಕೆಳಗಿರುವಾಗಲೇ ಗುಜರಿಯ ಟೆಂಪೋ ಬಂತು. ಅದರಲ್ಲಿ ಸುರೇಶ, ಈ ಸಲ ಕಂದು ಬಣ್ಣದ ಅಂಗಿ. ಗುಜರಿಯವನು ನನ್ನ ಕಾರಿನ ಸುತ್ತ ಸುತ್ತಿ ಬಾನೆಟ್ ಮೇಲೆ ತಟ್ಟಿದ.

"ಕೈ ತೆಗಿ. ಇನ್ನೂ ನಿಂದಾಗಿಲ್ಲ" ಎಂದೆ.

"ಅಕ್ಕಾ, ಸ್ಟಾರ್ಟ್ ಮಾಡಿ" ಕೆಳಗಿನಿಂದ ಎದ್ದು, ಕ್ಯಾನಿನ ಪೆಟ್ರೋಲ್ ಹೊಯ್ದು ಲಾರೆನ್ಸ್ ಕೂಗಿದ.

ಮೊದಲ ಸಲ ಗೊರ್ ಎಂದಿತು, ಅಷ್ಟೇ. ಸುರೇಶ ಗಂಟಲು ಸರಿ ಮಾಡಿಕೊಂಡ. ಮತ್ತೊಂದು ಸಲ. ಕೆಮ್ಮಿತು. ಮತ್ತೊಂದು. ಹಿಡಿಯಿತು.

ಯಾರನ್ನೂ ನೋಡದೆ ಗೇರ್ ಹಾಕಿ ಹೊರಟೆ. ಹಲಸಿನ ಮರದ ತಿರುವು ಬಂದಾಗ ನನಗೇ ಗೊತ್ತಿಲ್ಲದೆ ಉಸಿರು ಹಿಡಿದಿದ್ದೆ. ಕಾರು ಮಾತ್ರ ಉಸಿರು ಹಿಡಿಯಲಿಲ್ಲ. ಸೀದಾ ಹತ್ತಿತು. ಟಾರು ರಸ್ತೆಗೆ ಹೋಗಿ ಉದ್ದಕ್ಕೆ ಹಾರ್ನ್ ಹೊಡೆದೆ. ಕೆಳಗೆ ಕೇಳಲಿ ಎಂದೇ ಹೊಡೆದೆ. ತಿರುಗಿಸಿಕೊಂಡು ಬಂದೆ.

"ಸೈಲೆನ್ಸರ್ ಸ್ವಲ್ಪ ಸದ್ದು ಮಾಡ್ತದೆ" ಎಂದರು ಮನೆಯವರು. ಅವರ ಭಾಷೆಯಲ್ಲಿ ಅದು ಮೆಚ್ಚುಗೆ.

ಗುಜರಿಯವನನ್ನು ಬರಿಗೈಯಲ್ಲಿ ಕಳಿಸುವುದು ಚೆನ್ನಾಗಿರುವುದಿಲ್ಲ. ಜರಡಿಯಾದ ಹಳೇ ಟ್ಯಾಂಕು ಕೊಟ್ಟು, ಕಾಫಿ ಕುಡಿಸಿ ಕಳಿಸಿದೆ. ಅವನು ಬಾಳೆಹೊನ್ನೂರಿನ ಕಡೆ ಬೇರೆ ಸಾಮಾನು ಎತ್ತಬೇಕೆಂದು ಹೊರಟುಹೋದ. ಸುರೇಶ ಅಂಗಳದಲ್ಲಿ ಉಳಿದ. ಅವನಿಗೆ ಆಲ್ದೂರಿನಲ್ಲಿ ಚಿಕ್ಕಮಗಳೂರಿನ ಬಸ್ಸು ಹಿಡಿಯಬೇಕು.

"ಬಾ, ಬಿಡ್ತೀನಿ" ಎಂದೆ.

ಮುಂದಿನ ಬಾಗಿಲಿಗೆ ಕೈ ಹಾಕಿದ.

"ಅಲ್ಲಿ ಲಾರೆನ್ಸ್ ಕೂರ್ತಾನೆ, ಎಂಜಿನ್ ಸದ್ದು ಕೇಳ್ಬೇಕು. ನೀನು ಹಿಂದೆ ಆರಾಮಾಗಿ ಕೂತ್ಕೋ."

ಕೂತ. ಆಲ್ದೂರು ಬರುವವರೆಗೆ, "ಅತ್ತಿಗೆ ನಿಧಾನ", "ಅತ್ತಿಗೆ ಬಸ್ಸು ಬಂತು", "ಅತ್ತಿಗೆ ಎಡಕ್ಕೆ ಎಡಕ್ಕೆ" ಬಿಟ್ಟು ಬೇರೆ ಮಾತಿಲ್ಲ. ಕನ್ನಡಿಯಲ್ಲಿ ನೋಡಿದೆ.

ಹಿಂದಿನ ಸೀಟು ಅಷ್ಟೊಂದು ಆರಾಮಿದ್ದರೆ, ಅವನು ಮುಂದಿನ ಸೀಟನ್ನು ಎರಡೂ ಕೈಯಲ್ಲಿ ಯಾಕೆ ಹಿಡಿದುಕೊಂಡಿದ್ದ?