ಕೈ ಹಿಂದೆ ಕಟ್ಟಿ ಕಲಿಸುವ ಕೀಲಿ ಅಕ್ಕ

ಬೆಳಗಿನ ಆರು ಗಂಟೆ ಹತ್ತು ನಿಮಿಷ. ಶಾಲೆಯ ಕಾರಿಡಾರಿನಲ್ಲಿ ಟ್ಯೂಬ್‌ಲೈಟು ಇನ್ನೂ ಉರಿಯುತ್ತಿದೆ. ಸೊಂಟದ ಗೊಂಚಲಿನಲ್ಲಿ ಮೂವತ್ತೊಂದು ಕೀಲಿಗಳು. ಕಣ್ಣು ಹಾಯಿಸದೆ ಬರೀ ಬೆರಳಲ್ಲಿ ತಡವಿ ತಮಗೆ ಬೇಕಾದ್ದನ್ನು ಹಿಡಿಯುತ್ತಾರೆ ಶಾಲೆಯ ಅಟೆಂಡರ್, ಎಲ್ಲರ ಬಾಯಲ್ಲಿ ಕೀಲಿ ಅಕ್ಕ. ಕಂಪ್ಯೂಟರ್ ಕೋಣೆಯ ಬಾಗಿಲಿಗೆ ಭುಜ ಕೊಟ್ಟು ಒಮ್ಮೆ ನೂಕದಿದ್ದರೆ ಅದು ಜಪ್ಪಯ್ಯ ಅಂದರೂ ತೆರೆಯುವುದಿಲ್ಲ. ಒಳಗೆ ಹೋಗಿ ಇಪ್ಪತ್ನಾಲ್ಕು ಕಂಪ್ಯೂಟರುಗಳ ಮುಸುಕು ತೆಗೆದು, ಮಡಚಿ, ಹಳೇ ಹತ್ತಿ ಬಟ್ಟೆಯಲ್ಲಿ ಒಂದೊಂದೇ ಪರದೆ ಒರೆಸುತ್ತಾರೆ. ಗೋಡೆಯ ದೊಡ್ಡ ಡಿಜಿಟಲ್ ಬೋರ್ಡಿನ ಸರದಿ ಕೊನೆಗೆ. ಅದಕ್ಕೆ ಬೇರೆಯೇ ಬಟ್ಟೆ, ಬೇರೆಯೇ ಮರ್ಯಾದೆ.

ಏಳಕ್ಕೆ ಇನ್ನೂ ಹತ್ತು ನಿಮಿಷ ಇರುವಾಗಲೇ ಗಣಿತದ ಟೀಚರು ಬರುತ್ತಾರೆ. ಬಂದವರು ಹಿಂದೆ ಮುಂದೆ ನೋಡಿಕೊಂಡೇ ಒಳಗೆ ಕಾಲಿಡುತ್ತಾರೆ. ಇಪ್ಪತ್ತೆರಡು ವರ್ಷ ಪಾಠ ಮಾಡಿದವರು ಅಟೆಂಡರ್ ಹತ್ತಿರ ಪಾಠಕ್ಕೆ ಬರುವುದೆಂದರೆ ಸುಮ್ಮನೆಯೇ?

"ಅಕ್ಕಾ, ನಿನ್ನೆ ಮಕ್ಕಳ ಅಂಕ ಎಲ್ಲಾ ಹಾಕಿದ್ದೆ. ಇವತ್ತು ನೋಡಿದ್ರೆ ಒಂದೂ ಇಲ್ಲ. ಎಲ್ಲಿ ಹೋಯ್ತೋ!"

"ಎಲ್ಲಿಗೂ ಹೋಗಿರಲ್ಲ ಮೇಡಂ. ಕೂತ್ಕೊಳಿ. ನಿನ್ನೆ ಏನೇನ್ ಮಾಡಿದ್ರೋ ಅದನ್ನೇ ಮಾಡಿ ತೋರ್ಸಿ. ತಪ್ಪೂ ಸೇರಿ."

ಹೀಗೆಂದು ಕೀಲಿ ಅಕ್ಕ ಟೀಚರ ಬೆನ್ನ ಹಿಂದೆ ನಿಂತು, ಎರಡೂ ಕೈ ಹಿಂದೆ ಕಟ್ಟಿಕೊಳ್ಳುತ್ತಾರೆ. ಇನ್ನು ಆ ಕೈ ಬಿಚ್ಚುವುದಿಲ್ಲ. ಟೀಚರು ತಡಕಾಡಲಿ, ಬೆವರಲಿ, "ಒಂಚೂರು ಒತ್ತಿಬಿಡಿ ಅಕ್ಕಾ" ಎಂದು ಗೋಗರೆಯಲಿ, ಮೌಸು ಮುಟ್ಟುವ ಮಾತೇ ಇಲ್ಲ. ಮಾತಲ್ಲೇ ದಾರಿ. ಒಂಬತ್ತು ನಿಮಿಷಕ್ಕೆ ಕಳೆದುಹೋದ ಅಂಕಗಳು ಇನ್ಯಾವುದೋ ತರಗತಿಯ ಹೆಸರಿನ ಕಡತದಲ್ಲಿ ಸಿಗುತ್ತವೆ. ಹುಡುಕಿದವರು ಗಣಿತದ ಟೀಚರೇ. ಅವರ ಮುಖ ನೋಡಬೇಕು ಆಗ!

ಈ ಕೈ ಕಟ್ಟುವ ಪದ್ಧತಿ ಯಾವ ತರಬೇತಿ ಪುಸ್ತಕದಲ್ಲೂ ಇಲ್ಲ. ಅದು ಹುಟ್ಟಿದ್ದು ಒಂದು ಅವಮಾನದಲ್ಲಿ.

ಹತ್ತನೇ ತರಗತಿ ಮುಗಿಯುತ್ತಲೇ ಅಕ್ಕನ ತಾಯಿ ಹಾಸಿಗೆ ಹಿಡಿದರು, ಓದು ಅಲ್ಲಿಗೇ ನಿಂತಿತು. ಆಮೇಲೆ ಇಪ್ಪತ್ನಾಲ್ಕು ವರ್ಷ ಲಾಂಡ್ರಿಯೊಂದರಲ್ಲಿ ಹಬೆಯ ಮುಂದೆ ನಿಂತು ಆಸ್ಪತ್ರೆಯ ಚಾದರ ಇಸ್ತ್ರಿ ಮಾಡಿದರು. ಒಂಬತ್ತು ವರ್ಷದ ಹಿಂದೆ ಈ ಶಾಲೆಗೆ ಅಟೆಂಡರಾಗಿ ಬಂದಾಗ ವಯಸ್ಸು ನಲವತ್ತು. ಬಂದ ತಿಂಗಳಲ್ಲೇ ಶಿಕ್ಷಕರಿಗೆ ಕಂಪ್ಯೂಟರ್ ತರಬೇತಿ. ನೆಲದಲ್ಲಿದ್ದ ವೈರು ಯಾರ ಕಾಲಿಗೂ ತೊಡರದಿರಲಿ ಎಂದು ಇವರು ಅದನ್ನು ಪಕ್ಕಕ್ಕೆ ಸರಿಸಲು ಹೋದರೆ, ತರಬೇತಿ ಕೊಡಲು ಬಂದಿದ್ದ ಮಹಾಶಯ ಎಲ್ಲರೆದುರೇ ಹೌಹಾರಿದ. "ಏಯ್, ಮುಟ್ಬೇಡ! ನಿಂಗೇನು ಗೊತ್ತಾಗುತ್ತೆ?"

"ಮುಟ್ಟಲ್ಲ ಅಂತ ಅವ್ರಿಗೆ ಕಾಣ್ಲಿ ಅಂತಾನೇ ಎರಡೂ ಕೈ ಹಿಂದೆ ಕಟ್ಕೊಂಡು ಬಾಗಿಲ ಹತ್ರ ನಿಂತೆ" ಎನ್ನುತ್ತಾರೆ ಅಕ್ಕ, ನಗುತ್ತಲೇ. "ಕೈಗೆ ಕೆಲಸ ಇಲ್ದಿದ್ರೆ ಕಣ್ಣಿಗೆ ಜಾಸ್ತಿ ಕಾಣುತ್ತೆ ನೋಡಿ. ಯಾರಾದ್ರೂ ಗೊತ್ತಾಗ್ಲಿಲ್ಲ ಅಂದ್ರೆ ಆ ಸಾರ್ ಮೌಸ್ ಕಿತ್ಕೊಂಡು ಟಕಟಕ ಅಂತ ಮಾಡಿ, ಇಷ್ಟೇ ಮೇಡಂ ಅಂತ ಮುಂದಕ್ಕೆ ಹೋಗ್ತಿದ್ರು. ಮೇಡಂ ಕೈ ತೊಡೆ ಮೇಲೇ ಇರ್ತಿತ್ತು. ಮೂರು ದಿನದಲ್ಲಿ ಕಲ್ತಿದ್ದು ಯಾರು ಹೇಳಿ? ಆ ಸಾರೇ!"

ಬಾಗಿಲು ಹಾಕುವವರು ಕೊನೆಯತನಕ ಇರಲೇಬೇಕಲ್ಲ? ಶಿಕ್ಷಕರು ವರ್ಗವಾಗಿ ಹೋದರು, ಹೊಸಬರು ಬಂದರು, ತಂತ್ರಾಂಶ ನಾಲ್ಕು ಸಲ ಬದಲಾಯಿತು. ಹನ್ನೊಂದು ತರಬೇತಿಗಳಲ್ಲಿ ಮೊದಲಿಂದ ಕೊನೆಯವರೆಗೆ ಹಾಜರಿದ್ದವರು ಇಡೀ ಶಾಲೆಗೆ ಇವರೊಬ್ಬರೇ. ಹಾಜರಿ ಹಾಳೆಯಲ್ಲಿ ಮಾತ್ರ ಹನ್ನೊಂದರಲ್ಲೂ ಹೆಸರಿಲ್ಲ. ಸಂಜೆ ಕಂಡದ್ದನ್ನು ಮುಖ್ಯೋಪಾಧ್ಯಾಯಿನಿಯ ಅಪ್ಪಣೆ ಪಡೆದು ಮರುದಿನ ಬೆಳಗ್ಗೆ ಒಬ್ಬರೇ ಕೂತು ಮಾಡಿ ನೋಡುತ್ತಿದ್ದರು. ಹಾಗೆ ಕಲಿತ ವಿದ್ಯೆಯಿಂದ ಇಲ್ಲಿಯತನಕ ನಲವತ್ತಮೂರು ಶಿಕ್ಷಕರ ಭಯ ಬಿಡಿಸಿದ್ದಾರೆ.

ಗಂಡ ಹಾಲಿನ ವ್ಯಾನ್ ಓಡಿಸುತ್ತಾರೆ, ಆರಕ್ಕೆ ಶಾಲೆಯ ಗೇಟಿಗೆ ಇಳಿಸಿ ಹೋಗುವುದು ಅವರೇ. ಮನೆಯಲ್ಲಿ ಅತ್ತೆ. ಸೊಸೆ ಸೊಪ್ಪು ಬಿಡಿಸುವುದು ತಡವಾದರೆ ಗೊಣಗುವ ಇದೇ ಅತ್ತೆ, ಪಕ್ಕದ ಮನೆಯವರೆದುರು ಬೇರೆಯೇ ರಾಗ ತೆಗೆಯುತ್ತಾರೆ. "ಮಕ್ಕಳಿಗೆ ಪಾಠ ಯಾರ್ ಬೇಕಾದ್ರೂ ಹೇಳ್ತಾರೆ ಕಣಮ್ಮ. ನನ್ ಸೊಸೆ ಮೇಷ್ಟ್ರುಗಳಿಗೇ ಹೇಳ್ತಾಳೆ!"

ಈ ನಲವತ್ತಮೂರರಲ್ಲಿ ಕೊನೆಯವರು ಇತಿಹಾಸದ ಮೇಷ್ಟ್ರು. ವಯಸ್ಸು ಐವತ್ತೇಳು. ಕಥೆ ಹೇಳುವುದರಲ್ಲಿ ಎತ್ತಿದ ಕೈ. ಅವರ ಪಾಠವಿದ್ದರೆ ಪಕ್ಕದ ತರಗತಿಯ ಮಕ್ಕಳ ಕಿವಿಯೂ ಇತ್ತಲೇ ಇರುತ್ತದೆ. ಆದರೆ ಈ ವರ್ಷ ಹೊಸ ನಿಯಮ ಬಂದಿದೆ: ಡಿಜಿಟಲ್ ಬೋರ್ಡಿನಲ್ಲಿ ಪರೀಕ್ಷಕರೆದುರು ಒಂದು ಪಾಠ ಮಾಡಿ ತೋರಿಸಬೇಕು. ಎರಡು ಅವಕಾಶ. ಎರಡರಲ್ಲೂ ಸೋತರೆ ತರಗತಿ ಬಿಟ್ಟು ದಾಸ್ತಾನು ಕೋಣೆಯ ಉಸ್ತುವಾರಿಗೆ.

ಮೊದಲ ಸಲ ಮೇಷ್ಟ್ರು ಸೋತರು. ಬರೆದದ್ದೆಲ್ಲ ಅಳಿಸಿಹೋಯಿತು. ಮತ್ತೆ ಬರೆದರು, ಮತ್ತೆ ಹೋಯಿತು. ಯಂತ್ರ ಕೆಟ್ಟಿದೆಯೆಂದು ಆರಿಸಿ ಹಚ್ಚಿದ್ದೂ ಆಯಿತು. ಮಕ್ಕಳು ಕಿಸಕ್ಕನೆ ನಕ್ಕರು. ಆ ಸಂಜೆ ಮೇಷ್ಟ್ರು ಕಂಪ್ಯೂಟರ್ ಕೋಣೆಗೆ ಬಂದು ಹೇಳಿದ್ದು ಒಂದೇ ಮಾತು. "ನನ್ ಕಥೆ ಮುಗೀತು ಅಕ್ಕಾ."

"ನಾಳೆ ಏಳು ಗಂಟೆಗೆ ಬನ್ನಿ ಸಾರ್. ಆ ಪಾಠ ನಂಗೆ ಮಾಡಿ."

ಮರುದಿನ ಖಾಲಿ ಕೋಣೆಯಲ್ಲಿ ಮೇಷ್ಟ್ರು ಕೋಟೆ ಬರೆದು ಮುತ್ತಿಗೆಯ ಪಾಠ ಶುರುಮಾಡಿದರು. ಹಿಂದೆ ಕೈಕಟ್ಟಿ ನಿಂತ ಅಕ್ಕನಿಗೆ ಐದೇ ನಿಮಿಷದಲ್ಲಿ ವಿಷಯ ತಿಳಿಯಿತು. ರೋಮಾಂಚನದ ಘಟ್ಟ ಬಂದಾಗಲೆಲ್ಲ ಮೇಷ್ಟ್ರು ಅಂಗೈಯಿಂದ ಬೋರ್ಡಿಗೆ ಫಟ್ಟನೆ ಹೊಡೆದು ಹಾಗೇ ಕೆಳಕ್ಕೆ ಎಳೆಯುತ್ತಾರೆ. ಮೂವತ್ತು ವರ್ಷದ ಅಭ್ಯಾಸ, ಅವರಿಗೇ ಗೊತ್ತಿಲ್ಲ. ಕಪ್ಪು ಹಲಗೆ ಅದನ್ನೆಲ್ಲ ಹೊಟ್ಟೆಗೆ ಹಾಕಿಕೊಂಡಿತ್ತು. ಈ ಬೋರ್ಡಾದರೋ, ಅಂಗೈ ಸವರಿದರೆ ಅಳಿಸು ಎಂದೇ ತಿಳಿಯುತ್ತದೆ.

ಆ ಸೌಲಭ್ಯವನ್ನೇ ಆರಿಸಿಬಿಡಬಹುದಿತ್ತು. ಅಕ್ಕ ಒಪ್ಪಲಿಲ್ಲ. "ಇಲ್ಲಿ ಆರಿಸ್ಬೋದು ಸಾರ್. ಪರೀಕ್ಷೆ ದಿನ ಬೇರೆ ಕೋಣೇಲಿ ನಿಲ್ಲಿಸಿದ್ರೆ?"

ಮೂರು ದಿನ ಮೇಷ್ಟ್ರು ಎಡಗೈಯನ್ನು ಪ್ಯಾಂಟಿನ ಜೇಬಿಗೆ ತುರುಕಿ ಪಾಠ ಮಾಡಿದರು. ಬರೆದದ್ದು ಉಳಿಯಿತು, ಪಾಠ ಸತ್ತಿತು. ದಿನಸಿ ಪಟ್ಟಿ ಓದಿದ ಹಾಗೆ ಸಪ್ಪೆ. "ಕೈ ಕಟ್ಟಿದ್ರೆ ನಂಗೆ ಬಾಯೂ ಕಟ್ಟುತ್ತೆ" ಎಂದು ಕುರ್ಚಿಯಲ್ಲಿ ಕುಸಿದರು. ಒಂಬತ್ತು ವರ್ಷ ಕಾರಿಡಾರು ಗುಡಿಸುತ್ತಾ ಇದೇ ಮೇಷ್ಟ್ರ ಪಾಠ ಕೇಳಿದವರಲ್ಲವೇ ಅಕ್ಕ? ಮೇಷ್ಟ್ರು ದಾಸ್ತಾನು ಕೋಣೆಗೆ ಹೋದರೆ ಆ ಕಾರಿಡಾರಿನಲ್ಲಿ ಇನ್ನು ಕೇಳುವುದಾದರೂ ಏನು?

ನಾಲ್ಕನೆಯ ಬೆಳಗ್ಗೆ ಅಕ್ಕನೇ ಹೇಳಿದರು. "ಕೈ ಬಿಚ್ಚಿ ಸಾರ್. ಹೊಡೀರಿ. ಆದ್ರೆ ಒಂದೇ ಸಲ. ಕೋಟೆ ಬೀಳೋವಾಗ."

ಮೇಷ್ಟ್ರು ಕಣ್ಣು ಕಣ್ಣು ಬಿಟ್ಟರು. ಆಮೇಲೆ ಅವರ ಮುಖದ ಮೇಲೆ ಮೆಲ್ಲಗೆ ನಗು ಹಬ್ಬಿತು. ಅಲ್ಲಿಂದ ಹನ್ನೊಂದು ಬೆಳಗು ಅದೇ ಅಭ್ಯಾಸ. ಮೊದಲ ದಿನ ಕೋಟೆ ಏಳು ಸಲ ಹೊತ್ತಿಗೆ ಮುಂಚೆಯೇ ಬಿತ್ತು. ಕೊನೆಯ ದಿನವೂ ಒಂದು ಸಲ.

ಎರಡನೆಯ ಪರೀಕ್ಷೆಯ ದಿನ ನಲವತ್ತು ಮಕ್ಕಳು, ಮೂವರು ಪರೀಕ್ಷಕರು. ಅಟೆಂಡರಿಗೆ ಒಳಗೆ ಜಾಗವಿಲ್ಲ. ಅಕ್ಕ ಕಿಟಕಿಯ ಹೊರಗೆ ನಿಂತಿದ್ದಾರೆ, ಕೈ ಹಿಂದೆ. ಮೇಷ್ಟ್ರು ಗೋಡೆ ಬರೆಯುತ್ತಾರೆ, ಬಾಗಿಲು ಬರೆಯುತ್ತಾರೆ, ಒಳಗೊಂದು ಬಾವಿ. ಹೊರಗೆ ಸೈನ್ಯ ಬಂದು ನಿಲ್ಲುತ್ತದೆ. ಒಳಗೆ ನೀರು ಬತ್ತುತ್ತದೆ. ಮೇಷ್ಟ್ರ ಅಂಗೈ ಮೇಲೇಳುತ್ತದೆ. ಅಂಗೈ ಗಾಳಿಯಲ್ಲೇ ನಿಂತು ಕೆಳಗಿಳಿಯುತ್ತದೆ. ಇನ್ನೊಮ್ಮೆ ಏಳುತ್ತದೆ, ಇಳಿಯುತ್ತದೆ. ಮಕ್ಕಳು ಉಸಿರು ಬಿಗಿಹಿಡಿದು ಕೂತಿದ್ದಾರೆ. "ಆ ಬೆಳಗ್ಗೆ ಬಾಗಿಲು ಮುರೀತು..." ಎಂದವರೇ ಮೇಷ್ಟ್ರು ಫಟ್ಟನೆ ಹೊಡೆದು, ಒಂದೇ ಎಳೆತಕ್ಕೆ ಬಳಿದುಬಿಡುತ್ತಾರೆ. ಗೋಡೆಯಿಲ್ಲ, ಬಾಗಿಲಿಲ್ಲ, ಕೋಟೆಯೇ ಇಲ್ಲ. ಬೋರ್ಡು ಬಟಾಬಯಲು.

"ಅಯ್ಯೋ!" ಎಂದದ್ದು ಹಿಂದಿನ ಬೆಂಚಿನ ಹುಡುಗಿ. ಪರೀಕ್ಷಕರಲ್ಲಿ ಒಬ್ಬರ ಪೆನ್ನು ಅರ್ಧ ಸಾಲಿನಲ್ಲೇ ನಿಂತಿದೆ. ಮೇಷ್ಟ್ರು ಗೆದ್ದಿದ್ದಾರೆ. ಕಿಟಕಿಯಾಚೆ ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ, ಅದಕ್ಕಾಗಿ ಮಾತ್ರ ಕೈ ಬಿಚ್ಚಿ.

ಪರೀಕ್ಷೆ ಮುಗಿದ ಮೇಲೆ ತುಂಬಲು ಒಂದು ನಮೂನೆ ಕೊಟ್ಟರು. ಅದರಲ್ಲಿ 'ತರಬೇತಿ ನೀಡಿದವರ ಹೆಸರು ಮತ್ತು ಹುದ್ದೆ' ಎಂಬ ಸಾಲು. ಮೇಷ್ಟ್ರು ಹೆಸರು ಬರೆದರು. ಹುದ್ದೆಯ ಮುಂದೆ ಅರೆಗಳಿಗೆ ತಡೆದು, ದುಂಡನೆಯ ಅಕ್ಷರದಲ್ಲಿ 'ಸಂಪನ್ಮೂಲ ವ್ಯಕ್ತಿ' ಎಂದು ಬರೆದು, ಹೆಮ್ಮೆಯಿಂದ ತಂದು ತೋರಿಸಿದರು. ಒಂಬತ್ತು ವರ್ಷದಲ್ಲಿ ಶಾಲೆಯ ಒಂದು ಕಾಗದದ ಮೇಲೆ ಪಾಠದ ಲೆಕ್ಕದಲ್ಲಿ ಅಕ್ಕನ ಹೆಸರು ಬಂದದ್ದು ಅದೇ ಮೊದಲು.

ಅಕ್ಕ ತಮ್ಮ ಹೆಸರನ್ನು ಎರಡು ಸಲ ಓದಿದರು. ಆಮೇಲೆ ತಲೆ ಅಲ್ಲಾಡಿಸಿದರು.

"ಹೆಸ್ರು ಇರ್ಲಿ ಸಾರ್, ಹುದ್ದೆ ಹೊಡೆದ್ಹಾಕಿ. ಅಟೆಂಡರ್ ಅಂತಾನೇ ಬರೀರಿ. ನಾಳೆ ಯಾವ್ದಾದ್ರೂ ಶಾಲೇಲಿ ಬಾಗಿಲ ಹತ್ರ ನಿಂತಿರೋಳಿಗೆ ಮುಟ್ಬೇಡ ಅನ್ನೋ ಮುಂಚೆ, ಯಾರಾದ್ರೂ ಒಬ್ರಿಗೆ ಇದು ನೆನಪಾಗ್ಲಿ."